ಮರ ಕಂಬವಲ್ಲ

ಹಿತ್ತಿಲಿನ ಮಾವಿನ ಮರದ ಸುತ್ತ ಒಂದು ಪುಟ್ಟ ಮೋಪಿನ ಮಂಟಪ ಕಟ್ಟಿಸಬೇಕೆಂಬ ಆಸೆ ಈಗ ಅನೇಕರಿಗಿದೆ. ಅದಕ್ಕೆ ಬೇಕಾದ ನಕ್ಷೆಗಳೂ ಫೋನಿನಿಂದ ಫೋನಿಗೆ ಧಾರಾಳವಾಗಿ ಓಡಾಡುತ್ತಿವೆ. ಆ ನಕ್ಷೆಗಳಲ್ಲಿ ಮರ ಅಂದರೆ ಒಂದು ಸಣ್ಣ ವೃತ್ತ. ಕಾಂಡದ ದಪ್ಪಕ್ಕೆ ಸರಿಯಾಗಿ ವೃತ್ತ ಎಳೆದು, ಸುತ್ತ ನಾಲ್ಕು ಕಂಬ ನೆಟ್ಟು, ಮೇಲೊಂದು ಮಾಡು ಕೂರಿಸಿದರೆ ವಿನ್ಯಾಸ ಮುಗಿಯಿತು. ಕೆಲವರು ಇನ್ನೂ ಜಾಣರು: ಮೂರೇ ಕಂಬ ಹಾಕಿ ನಾಲ್ಕನೆಯದರ ಕೆಲಸವನ್ನು ಮರಕ್ಕೇ ವಹಿಸಿಬಿಡುತ್ತಾರೆ. ಖರ್ಚೂ ಉಳಿಯಿತು, ಪ್ರಕೃತಿಯ ಜೊತೆ ಒಂದಾದಂತೆಯೂ ಆಯಿತು. ಆದರೆ ಮರ ನೆಲ ಹಿಡಿದು ನಿಂತಿದೆ ಎಂದ ಮಾತ್ರಕ್ಕೆ ಅದು ಕಟ್ಟಡದ ಭಾಗವಾಗುವುದಿಲ್ಲ. ಅದು ದಪ್ಪವಾಗುತ್ತದೆ, ಗಾಳಿಗೆ ತೂಗುತ್ತದೆ, ಬೇರಿನಿಂದ ಉಸಿರಾಡುತ್ತದೆ, ನೀರು ಕುಡಿಯುತ್ತದೆ. ಕಟ್ಟಡಕ್ಕೆ ಇದ್ಯಾವುದೂ ಬೇಕಿಲ್ಲ. ಇಬ್ಬರೂ ಒಂದೇ ಜಾಗದಲ್ಲಿ ಬಾಳಬೇಕಾದರೆ ಒಬ್ಬರು ಬಗ್ಗಲೇಬೇಕು, ಆ ಸರದಿ ಮಂಟಪದ್ದು. ಇಂಥ ಕಡೆ ಕಾಂಕ್ರೀಟಿಗಿಂತ ಮೋಪು ಮೇಲು ಎಂದು ನಾನು ಹೇಳುವುದು ಅದು ಮರಕ್ಕೆ ಅಂದವಾಗಿ ಒಪ್ಪುತ್ತದೆ ಎಂದಲ್ಲ. ಮೋಪನ್ನು ಬಿಚ್ಚಬಹುದು, ಕೊಯ್ಯಬಹುದು, ಒಂದು ಗೇಣು ಸರಿಸಿ ಮತ್ತೆ ಜೋಡಿಸಬಹುದು. ಜೀವಂತ ಮರದ ಸುತ್ತಲಿನ ಮಂಟಪಕ್ಕೆ ಈ ಒಂದು ಗುಣ ಇದ್ದರೆ ಉಳಿದ ತಪ್ಪುಗಳನ್ನೆಲ್ಲ ತಿದ್ದಿಕೊಳ್ಳಬಹುದು.

ಮೊದಲು ಒಂದು ಲೆಕ್ಕ. ಎದೆಮಟ್ಟದಲ್ಲಿ ಒಂದೂವರೆ ಮೀಟರ್ ಸುತ್ತಳತೆಯ ಮಾವಿನ ಮರ ನಮ್ಮ ಊರುಗಳಲ್ಲಿ ದೊಡ್ಡದೇನೂ ಅಲ್ಲ, ಒಬ್ಬರೇ ತಬ್ಬಬಹುದು. ಅದರ ಅಡ್ಡಳತೆ ಸುಮಾರು 48 ಸೆಂ.ಮೀ. ಕಟ್ಟಡ ಕೆಲಸದ ಆಸುಪಾಸಿನ ಮರಗಳನ್ನು ಕಾಪಾಡುವುದಕ್ಕೆಂದೇ ಬ್ರಿಟನ್ನಿನಲ್ಲಿ ಬಿಎಸ್ 5837 ಎಂಬ ಮಾನದಂಡವಿದೆ. ಕಾಂಡದ ಅಡ್ಡಳತೆಯ 12 ಪಟ್ಟು ದೂರದವರೆಗಿನ ವೃತ್ತವನ್ನು ಅದು ಬೇರಿನ ರಕ್ಷಿತ ವಲಯವೆಂದು ಗುರುತಿಸುತ್ತದೆ. ನಮ್ಮ ಮಾವಿಗೆ ಇದು ಬುಡದಿಂದ ಹೆಚ್ಚುಕಡಿಮೆ 5.8 ಮೀಟರ್, ಅಂದರೆ ನೂರು ಚದರ ಮೀಟರಿಗೂ ಮಿಕ್ಕಿದ ನೆಲ. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಮಂಟಪ ಮರವನ್ನು ನಡುವಿಟ್ಟುಕೊಂಡು ನಿಂತರೆ ಅದರ ಮೂಲೆ ಬುಡದಿಂದ 2.8 ಮೀಟರ್ ದೂರದಲ್ಲಿರುತ್ತದೆ. ಇಂಗ್ಲೆಂಡಿನ ಓಕ್ ಮರಗಳನ್ನು ನೋಡಿ ಬರೆದ ಲೆಕ್ಕ ನಮ್ಮ ಮಾವಿಗೆ ಏಕೆ ಎಂದು ಕೇಳಬಹುದು, ಕೇಳಬೇಕಾದದ್ದೇ. ಮಣ್ಣು, ಮಳೆ, ಜಾತಿ ಬದಲಾದರೆ ಬೇರಿನ ಹರವೂ ಬದಲಾಗುತ್ತದೆ. ಆದರೆ ಆ ಅಂಕಿಯನ್ನು ಅರ್ಧಕ್ಕೆ ಇಳಿಸಿದರೂ ಮಂಟಪದ ನಾಲ್ಕು ಮೂಲೆಗಳು ವಲಯದ ಒಳಗೇ ಉಳಿಯುತ್ತವೆ. ಹಾಗಾಗಿ ಬೇರನ್ನು ತಪ್ಪಿಸಿ ಮಂಟಪ ಕಟ್ಟುವುದು ಹೇಗೆ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಪುಟ್ಟ ಮಂಟಪ ಇಡಿಯಾಗಿ ಬೇರಿನ ಮೇಲೆಯೇ ನಿಲ್ಲುತ್ತದೆ. ಎಷ್ಟು ಹಗುರವಾಗಿ ನಿಲ್ಲುತ್ತದೆ ಎಂಬುದೊಂದೇ ನಮ್ಮ ಕೈಲಿರುವುದು.

ಮರ ಮೇಲೆ ಎಷ್ಟಿದೆಯೋ ಕೆಳಗೂ ಅಷ್ಟೇ ಆಳಕ್ಕೆ ಬೇರು ಇಳಿದಿರುತ್ತದೆ ಎಂಬ ನಂಬಿಕೆ ಬಹಳ ಗಟ್ಟಿಯಾಗಿದೆ. ಆ ಧೈರ್ಯದಲ್ಲೇ ಮೇಲ್ಮಣ್ಣನ್ನು ಕೆರೆದು ಎಸೆಯುತ್ತಾರೆ. ಆದರೆ ಬಹುತೇಕ ಮರಗಳ ಬಹುಪಾಲು ಬೇರು ಮೇಲಿನ ಅರ್ಧ, ಮುಕ್ಕಾಲು ಮೀಟರ್ ಮಣ್ಣಿನಲ್ಲೇ ಅಡ್ಡಡ್ಡ ಹರಡಿರುತ್ತದೆ. ನೀರು, ಗೊಬ್ಬರ ಹೀರುವ ನವಿರು ಬೇರುಗಳಂತೂ ಇನ್ನೂ ಮೇಲೆ, ಕೊಂಬೆಗಳ ಹರವನ್ನು ದಾಟಿ ಆಚೆಯವರೆಗೂ ಇರುತ್ತವೆ. ಕಾರಣ ಸರಳ. ಬೇರಿಗೆ ಆಮ್ಲಜನಕ ಬೇಕು, ಅದು ಸಿಗುವುದು ಮೇಲ್ಮಣ್ಣಿನ ಸಣ್ಣ ಸಣ್ಣ ಸಂದುಗಳಲ್ಲಿ. ಜಲ್ಲಿಯ ರಾಶಿ, ಟ್ರ್ಯಾಕ್ಟರಿನ ಚಕ್ರ, ಹದಿನೈದು ದಿನ ಒಂದೇ ಜಾಗದಲ್ಲಿ ತುಳಿದಾಡುವ ಕೆಲಸಗಾರರ ಕಾಲು, ಇವೆಲ್ಲ ಆ ಸಂದುಗಳನ್ನು ಮುಚ್ಚುತ್ತವೆ. ಬುಡದ ಬಳಿ ಗಾರೆ ಕಲಸಿ, ಬಾಂಡಲಿ ತೊಳೆದ ನೀರನ್ನು ಅಲ್ಲೇ ಚೆಲ್ಲಿದರೆ ಸಿಮೆಂಟಿನ ಕ್ಷಾರ ಮಣ್ಣಿಗಿಳಿಯುತ್ತದೆ. ಇದರ ಫಲ ತಕ್ಷಣ ಕಾಣುವುದಿಲ್ಲವೆಂಬುದೇ ದೊಡ್ಡ ತೊಡಕು. ಕಾಂಡದಲ್ಲಿ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡುತ್ತ ಮರ ಎರಡು ಮೂರು ವರ್ಷ ಹಸಿರಾಗಿಯೇ ಇರಬಹುದು. ಆಮೇಲೆ ನೆತ್ತಿಯ ರೆಂಬೆಗಳು ಒಣಗಲು ಶುರುವಾದಾಗ ಮನೆಯವರು ರೋಗ ಹುಡುಕುತ್ತಾರೆ, ಔಷಧಿ ಸಿಂಪಡಿಸುತ್ತಾರೆ; ಮಂಟಪ ಕಟ್ಟಿದ ಆ ತಿಂಗಳ ನೆನಪು ಯಾರಿಗೂ ಬರುವುದಿಲ್ಲ.

ಇಲ್ಲಿಗೆ ಬಂದಾಗ ಒಂದು ಆಕ್ಷೇಪ ಏಳುತ್ತದೆ, ಕನ್ನಡ ನಾಡಿನಲ್ಲಿ ಅದನ್ನು ತಳ್ಳಿಹಾಕುವಂತಿಲ್ಲ. ಊರೂರಿನಲ್ಲಿ ಅಶ್ವತ್ಥಕಟ್ಟೆಗಳಿವೆ. ಅರಳಿ, ಬೇವುಗಳನ್ನು ಜೊತೆಯಲ್ಲಿ ನೆಟ್ಟು, ಸುತ್ತ ಕಲ್ಲು ಕಟ್ಟಿ, ಮಣ್ಣು ತುಂಬಿ, ನಾಗರಕಲ್ಲು ಇಟ್ಟು ತಲೆಮಾರುಗಳು ಕಳೆದಿವೆ. ಪಂಚಾಯಿತಿ ಕೂತಿದೆ, ಸಂತೆ ನೆರೆದಿದೆ. ಮರಗಳಿಗೆ ಏನೂ ಆಗಿಲ್ಲವಲ್ಲ? ಹೌದು, ಆಗಿಲ್ಲ, ಏಕೆಂದು ನೋಡಿದರೆ ಕಟ್ಟೆಯೇ ನನ್ನ ಪರ ಸಾಕ್ಷಿ ಹೇಳುತ್ತದೆ. ಎಷ್ಟೋ ಕಡೆ ಕಟ್ಟೆಯೂ ಗಿಡವೂ ಒಟ್ಟಿಗೇ ಹುಟ್ಟಿದವು, ಸಸಿಯ ಬೇರು ಮೊದಲಿನಿಂದಲೇ ಕಟ್ಟೆಯ ಮಟ್ಟಕ್ಕೆ ಹೊಂದಿಕೊಂಡು ಹರಡಿತು. ಐವತ್ತು ವರ್ಷ ಒಂದು ಮಟ್ಟದಲ್ಲಿ ಬೆಳೆದ ಮರದ ಬುಡಕ್ಕೆ ಒಮ್ಮೆಲೇ ಎರಡಡಿ ಮಣ್ಣು ತುಂಬುವುದು ಬೇರೆಯೇ ಕಥೆ. ಎರಡನೆಯದಾಗಿ, ಹಳೆಯ ಕಟ್ಟೆಯ ಕಲ್ಲು ಬಹಳ ಕಡೆ ಒಣಗಟ್ಟು: ಸಂದಿನಲ್ಲಿ ಗಾರೆಯಿಲ್ಲ, ಮಳೆಯೂ ಗಾಳಿಯೂ ಒಳಗೆ ಹೋಗುತ್ತವೆ. ಮೂರನೆಯದು ಅರಳಿಯ ಸ್ವಭಾವ. ಅದು ಆಲದ ಬಳಗದ್ದು. ಗೋಡೆಯ ಬಿರುಕಿನಲ್ಲೂ ಚಿಗುರುವ, ಕಲ್ಲನ್ನೇ ಎತ್ತಿ ಹಾಕುವ ಮರ. ಅದು ಸಹಿಸಿದ್ದನ್ನು ಮಾವು, ಹಲಸು, ನೇರಳೆ ಸಹಿಸುತ್ತವೆ ಎಂದು ತಿಳಿಯುವುದು ಸರಿಯಲ್ಲ. ಈಚೆಗೆ ಉದ್ಯಾನಗಳಲ್ಲಿ ಬೆಳೆದ ಮರದ ಕೊರಳಿಗೇ ಸಿಮೆಂಟು ಮೆತ್ತಿ, ಮೇಲೆ ಗ್ರಾನೈಟ್ ಹಾಸಿ ಅದಕ್ಕೂ ಕಟ್ಟೆ ಎಂದೇ ಹೆಸರಿಡುತ್ತಾರೆ. ಹೆಸರೊಂದು ಬಿಟ್ಟರೆ ಹಳೆಯದಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ದೆಹಲಿಯಲ್ಲಿ ಈ ಚಾಳಿ ಎಷ್ಟು ಹೆಚ್ಚಿತ್ತೆಂದರೆ, ಮರಗಳ ಬುಡದಿಂದ ಒಂದು ಮೀಟರ್ ಸುತ್ತ ಕಾಂಕ್ರೀಟು ಕಿತ್ತುಹಾಕಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಬೇಕಾಯಿತು.

ಹಾಗಾದರೆ ಕಂಬ ಎಲ್ಲಿ ಊರುವುದು? ನಕ್ಷೆಯಲ್ಲಿ ಗುರುತು ಮಾಡಿದಲ್ಲಿ ಅಲ್ಲ, ನೆಲ ಒಪ್ಪಿದಲ್ಲಿ. ಜೆಸಿಬಿ ಬೇಡ, ಗುದ್ದಲಿಯೂ ಆದಷ್ಟು ಬೇಡ. ಸಣ್ಣ ಕೈಸಲಿಕೆಯಿಂದ ಒಂದಡಿ ಚದರದ ಗುಂಡಿಯನ್ನು ನಿಧಾನವಾಗಿ ತೋಡಬೇಕು. ಹೆಬ್ಬೆರಳಿಗಿಂತ ದಪ್ಪದ ಬೇರು ಎದುರಾದರೆ ಗುಂಡಿ ಮುಚ್ಚಿ ಪಕ್ಕಕ್ಕೆ ಸರಿಯಬೇಕು. ಅಂದಮೇಲೆ ಕಂಬದ ಜಾಗ ಒಂದೂವರೆ ಅಡಿ ಆಚೀಚೆ ಆದರೂ ಕುಸಿಯದ ಚೌಕಟ್ಟನ್ನೇ ಮೊದಲಿನಿಂದ ಯೋಚಿಸಿರಬೇಕು. ಮೋಪಿನ ತೊಲೆ ಇಲ್ಲಿ ಕೈಹಿಡಿಯುತ್ತದೆ. ಕಂಬದ ತಲೆಯಿಂದ ತೊಲೆಯನ್ನು ಎರಡಡಿ ಮುಂಚಾಚಿ ಬಿಡಬಹುದು. ಕಂಬ ಒಳಕ್ಕೋ ಹೊರಕ್ಕೋ ಹೋದರೆ ಚಾಚಿನ ಉದ್ದ ಬದಲಾಗುತ್ತದೆ, ಮೇಲಿನ ಮಾಡು ಹಾಗೇ ಇರುತ್ತದೆ. ಪಾಯವೂ ಅಷ್ಟೇ ಸಣ್ಣದಿರಲಿ. ನಮ್ಮ ತೊಟ್ಟಿಮನೆಗಳ ಕಂಬಗಳು ನೆಲದಲ್ಲಿ ಹೂತಿಲ್ಲ, ಅಡಿಗಲ್ಲಿನ ಮೇಲೆ ನಿಂತಿವೆ. ಗೆದ್ದಲಿಗೆ, ತೇವಕ್ಕೆ ಕಂಡುಕೊಂಡ ಆ ಉಪಾಯ ಬೇರಿಗೂ ಒಳ್ಳೆಯದೇ: ನೆಲಕ್ಕೆ ಉದ್ದುದ್ದ ಚರಂಡಿ ತೋಡಿ ತಳಪಾಯ ಹಾಕುವ ಬದಲು ನಾಲ್ಕೈದು ಕಡೆ ಮಾತ್ರ ಕಲ್ಲು ಕೂರುತ್ತದೆ, ನಡುವಿನ ಮಣ್ಣು ಉಸಿರಾಡುತ್ತದೆ. ಕಾಂಕ್ರೀಟು ಹಾಕಲೇಬೇಕಾದ ಕಡೆ ಗುಂಡಿಯ ಒಳಗೆ ದಪ್ಪ ಪ್ಲಾಸ್ಟಿಕ್ ಹಾಸಿ ಸುರಿದರೆ ಹಸಿ ಸಿಮೆಂಟು ಬೇರಿಗೆ ತಾಗುವುದಿಲ್ಲ.

ತೂಕದ ವಿಷಯಕ್ಕೆ ಬಂದರೆ ಮೋಪಿನ ಪರ ವಾದಿಸಲು ಅಂಕಿಗಳೇ ಸಾಕು. ನಾಲ್ಕು ಮೀಟರ್ ಚೌಕದ ಮಂಟಪಕ್ಕೆ ಹತ್ತು ಸೆಂ.ಮೀ. ದಪ್ಪದ ಕಾಂಕ್ರೀಟು ತಾರಸಿ ಹಾಕಿದರೆ ಅದೊಂದೇ ನಾಲ್ಕು ಟನ್ನಿಗೆ ಹತ್ತಿರ ತೂಗುತ್ತದೆ. ಮಂಗಳೂರು ಹೆಂಚಿನ ಮಾಡು, ರೀಪು ಸೇರಿ, ಚದರ ಮೀಟರಿಗೆ ಸುಮಾರು 65 ಕೆ.ಜಿ.; ಇಳಿಜಾರಿನ ಹೆಚ್ಚುವರಿ ಹಿಡಿದರೂ ಒಟ್ಟು 1,200 ಕೆ.ಜಿ. ಆಸುಪಾಸು. ಹಗುರವಾದದ್ದು ಹಾರಿಹೋಗುವುದಿಲ್ಲವೇ? ಹೋಗಬಹುದು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಗಾಳಿ ಗೋಡೆಯಿಲ್ಲದ ಮಂಟಪದ ಅಡಿಗೆ ನುಗ್ಗಿ ಮಾಡನ್ನು ಮೇಲಕ್ಕೆತ್ತುತ್ತದೆ. ಕಟ್ಟಡ ವಿನ್ಯಾಸಕ್ಕೆ ಭಾರತೀಯ ಮಾನಕ ಹೇಳುವ ಗಾಳಿಯ ಮೂಲವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ತಗಡಿನ ಶೀಟು ಹೊದಿಸಿದ ಮಂಟಪಕ್ಕೆ ಇದು ನಿಜವಾದ ಅಪಾಯ, ಹೆಂಚಿನದಕ್ಕೆ ಕಡಿಮೆ. ಎರಡಕ್ಕೂ ಪರಿಹಾರ ಭಾರ ಹೇರುವುದರಲ್ಲಿಲ್ಲ, ಸರಪಳಿ ತುಂಡಾಗದಂತೆ ನೋಡಿಕೊಳ್ಳುವುದರಲ್ಲಿದೆ: ರೀಪು ಪಕ್ಕಾಸಿಗೆ, ಪಕ್ಕಾಸು ತೊಲೆಗೆ, ತೊಲೆ ಕಂಬಕ್ಕೆ, ಕಂಬ ಅಡಿಗಲ್ಲಿಗೆ ಉಕ್ಕಿನ ಪಟ್ಟಿ ಮತ್ತು ಬೋಲ್ಟಿನಿಂದ ಹಿಡಿದಿರಬೇಕು, ಅಡಿಗಲ್ಲು ಮೇಲೇಳದಷ್ಟು ಭಾರದ್ದಾಗಿರಬೇಕು. ಗಾಳಿಯಿಂದ ಕಾಪಾಡಲು ಮಾಡನ್ನು ಮರಕ್ಕೇ ಹಗ್ಗದಿಂದ ಬಿಗಿಯುವವರೂ ಇದ್ದಾರೆ. ಮರ ತೂಗಿದಾಗಲೆಲ್ಲ ಅದು ಮಾಡನ್ನೂ ಎಳೆಯುತ್ತದೆ. ಬಿರುಗಾಳಿಯಲ್ಲಿ ಮೊದಲು ಕಳಚುವ ಜೋಡಣೆ ಅದೇ.

ಈಗ ಬಡಗಿಯ ನಿಜವಾದ ತಲೆನೋವು. ನಾಲ್ಕು ಇಳಿಜಾರಿನ ಸಾಮಾನ್ಯ ಮಂಟಪದಲ್ಲಿ ಪಕ್ಕಾಸುಗಳು ನೆತ್ತಿಯಲ್ಲಿ ಕೂಡಿ ಒಂದನ್ನೊಂದು ಆತುಕೊಳ್ಳುತ್ತವೆ. ಇಲ್ಲಿ ನೆತ್ತಿಯೇ ಇಲ್ಲ, ಅಲ್ಲಿ ಮರವಿದೆ. ಆತುಕೊಳ್ಳಲು ಏನೂ ಇಲ್ಲದ ಪಕ್ಕಾಸಿನ ಮೇಲ್ತುದಿ ಕೆಳಗೆ ಜಾರಲು ನೋಡುತ್ತದೆ, ಕೆಳತುದಿ ಕಂಬವನ್ನು ಹೊರಕ್ಕೆ ನೂಕುತ್ತದೆ. ಇಂಥ ಹೊತ್ತಿನಲ್ಲಿ ಕಣ್ಣೆದುರಿಗೇ ದಪ್ಪ ಕಾಂಡವೊಂದು ನಿಂತಿರುವಾಗ ಅದಕ್ಕೆ ಒಂದು ಪಟ್ಟಿ ಸುತ್ತಿ ಪಕ್ಕಾಸುಗಳನ್ನು ಕೂರಿಸೋಣ ಎಂದು ಅನ್ನಿಸದಿದ್ದರೆ ಆಶ್ಚರ್ಯ. ಆದರೆ ಬೇಕಾದದ್ದು ಎರಡು ಚೌಕಟ್ಟು. ಮೇಲೆ, ಮರದಿಂದ ದೂರ ಉಳಿದು ತೆರವನ್ನು ಸುತ್ತುವರಿಯುವ ಒಂದು ಗಟ್ಟಿ ಚೌಕ. ಪಕ್ಕಾಸುಗಳೆಲ್ಲ ಅದನ್ನು ನಾಲ್ಕೂ ಕಡೆಯಿಂದ ಒತ್ತುತ್ತವೆ, ಒತ್ತಡವೇ ಅದನ್ನು ಎತ್ತಿ ಹಿಡಿಯುತ್ತದೆ. ಕೆಳಗೆ, ಕಂಬಗಳ ತಲೆಯ ಮೇಲೆ ಮೂಲೆಗಳಲ್ಲಿ ಬಿಡಿಸಿಕೊಳ್ಳದಂತೆ ಬಿಗಿದ ಇನ್ನೊಂದು ಚೌಕ. ಅದು ಹೊರನೂಕನ್ನು ತಡೆದು ಎಳೆತದಲ್ಲಿರುತ್ತದೆ. ಅಡ್ಡತೊಲೆ ನಡುವೆ ಹಾಯುವಂತಿಲ್ಲವಾದ್ದರಿಂದ ಕೆಳಚೌಕದ ಮೂಲೆ ಜೋಡಣೆಯಲ್ಲಿ ಉಳಿತಾಯ ಮಾಡಬಾರದು. ಹಣವೂ ಕೈಚಳಕವೂ ಖರ್ಚಾಗಬೇಕಾದ ಜಾಗ ಅದೊಂದೇ. ಈ ಎರಡು ಚೌಕಗಳ ನಡುವಿನ ಕೆಲಸ ಸರಿಯಾದರೆ ಮಾಡು ಮರವನ್ನು ಮುಟ್ಟದೆ ಮರದ ಸುತ್ತ ನಿಲ್ಲುತ್ತದೆ.

ಮುಟ್ಟಬಾರದು ಏಕೆ? ಮರ ಉದ್ದವಾಗುವುದು ರೆಂಬೆಗಳ ತುದಿಯಲ್ಲಿ, ದಪ್ಪವಾಗುವುದು ತೊಗಟೆಯ ಅಡಿಯ ಕ್ಯಾಂಬಿಯಂ ಎಂಬ ತೆಳುಪದರದಲ್ಲಿ. ಎದೆಯೆತ್ತರಕ್ಕೆ ಹೊಡೆದ ಮೊಳೆ ಮೂವತ್ತು ವರ್ಷದ ಮೇಲೂ ಎದೆಯೆತ್ತರದಲ್ಲೇ ಇರುತ್ತದೆ, ಆದರೆ ಅಷ್ಟರಲ್ಲಿ ಕಾಂಡ ಅದನ್ನು ನುಂಗಿರುತ್ತದೆ. ಆದ್ದರಿಂದ ಮಾಡು ಮರದ ಜೊತೆ ಮೇಲೇರುತ್ತದೆ ಎಂಬ ಭಯ ಬೇಡ. ದಪ್ಪದ ಭಯ ಬೇಕು. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವ ನಾಳಗಳು ತೊಗಟೆಯ ಒಳಮೈಯಲ್ಲೇ ಇವೆ. ಹಸುಗೂಸಿನ ಕೈಗೆ ತೊಡಿಸಿದ ಬಳೆಯನ್ನು ಕಾಲಕ್ಕೆ ತೆಗೆಯದೆ ಹೋದರೆ ಹೇಗೋ, ಹಾಗೆ ಬಿಗಿಯಾದ ಚೌಕಟ್ಟು ವರ್ಷ ಕಳೆದಂತೆ ಆ ದಾರಿಯನ್ನು ಕಚ್ಚುತ್ತದೆ, ಬೇರು ಹಸಿದು ಸಾಯುತ್ತದೆ. ಅಡ್ಡಳತೆ ವರ್ಷಕ್ಕೆ ಒಂದೇ ಸೆಂ.ಮೀ. ಹೆಚ್ಚುತ್ತದೆ ಎಂದು ಇಟ್ಟುಕೊಂಡರೂ ಇಪ್ಪತ್ತು ವರ್ಷಕ್ಕೆ ಪ್ರತಿ ಬದಿಯಲ್ಲಿ ಹತ್ತು ಸೆಂ.ಮೀ. ಬೇಕು. ಬುಡದಲ್ಲಿ ಬೇರುಗಳು ಹೊರಡುವ ಕಡೆ ಕಾಂಡ ಅಗಲಿಸುವುದರಿಂದ ಅಲ್ಲಿ ಇನ್ನೂ ಹೆಚ್ಚು. ನೆಲಹಾಸಿನ ತೆರವಿಗೂ ಮಾಡಿನ ತೆರವಿಗೂ ಒಂದೇ ಅಳತೆ ಕೊಡುವುದು ಸಾಮಾನ್ಯ ತಪ್ಪು. ನೆಲಮಟ್ಟದಲ್ಲಿ ಮರ ಅಲುಗುವುದಿಲ್ಲ, ಅಲ್ಲಿನ ಲೆಕ್ಕ ಬೆಳವಣಿಗೆಯದು. ಮೂರು ಮೀಟರ್ ಮೇಲೆ ಗಾಳಿಗೆ ಓಲಾಡುತ್ತದೆ, ಅಲ್ಲಿನ ಲೆಕ್ಕ ಓಲಾಟದ್ದು. ಮರ ನೆಟ್ಟಗಿಲ್ಲದೆ ವಾಲಿದ್ದರೆ ಮೇಲಿನ ತೆರವು ಕೆಳಗಿನದರ ನೇರಕ್ಕೂ ಇರುವುದಿಲ್ಲ. ಕೆಳಗೆ ಸುತ್ತ ಒಂದಡಿ, ಮೇಲೆ ಒಂದೂವರೆ ಅಡಿ ಬಿಟ್ಟರೆ ಧಾರಾಳವಾಯಿತು ಎನ್ನುವವರು ಇನ್ನೂ ಧಾರಾಳ ಬಿಡಲಿ ಎಂದೇ ನನ್ನ ಸಲಹೆ. ಮಕ್ಕಳ ಕಾಲು ಸಿಕ್ಕಿಕೊಂಡೀತು ಎಂಬ ಆತಂಕ ಸರಿಯೇ. ತೆರವಿನ ಅಂಚಿಗೆ ಸುತ್ತಲೂ ಕೂರುವ ಹಲಗೆ ಹಾಕಿದರೆ ಅದೇ ಕಟಕಟೆಯಾಗುತ್ತದೆ. ತೆರವಿನ ಪಕ್ಕದ ನೆಲಹಲಗೆಗಳು ಮಾತ್ರ ಗಿಡ್ಡವಾಗಿರಲಿ, ಅವಕ್ಕೆ ಮೊಳೆಯ ಬದಲು ತಿರುಪು ಹಾಕಿರಲಿ. ಹತ್ತು ವರ್ಷದ ಮೇಲೆ ತಿರುಪು ಬಿಚ್ಚಿ, ಹಲಗೆಯ ತುದಿ ಕೊಯ್ದು, ಮತ್ತೆ ಬಿಗಿಯುವುದು ಅರ್ಧ ದಿನದ ಕೆಲಸ.

ಮರದ ಮೇಲೇ ಮನೆ ಕಟ್ಟುವವರು ಕಾಂಡಕ್ಕೆ ಬೋಲ್ಟ್ ಹೊಡೆಯುತ್ತಾರಲ್ಲ, ಆ ಮರಗಳು ಬದುಕಿಲ್ಲವೇ? ಬದುಕಿವೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ, ಮರ ಗಾಯವನ್ನು ವಾಸಿ ಮಾಡಿಕೊಳ್ಳುವುದಿಲ್ಲ, ಅದರ ಸುತ್ತ ಗೋಡೆ ಕಟ್ಟಿ ಕೊಳೆತವನ್ನು ಬಂದಿ ಮಾಡುತ್ತದೆ ಎಂದು ತೋರಿಸಿಕೊಟ್ಟರು. ಹತ್ತಾರು ಸಣ್ಣ ಮೊಳೆಗಳಿಗಿಂತ ಒಂದೇ ದಪ್ಪ ಬೋಲ್ಟ್ ವಾಸಿ ಎಂಬ ತರ್ಕದಲ್ಲಿ ಓರೆಗಾನ್‌ನ ಮರಮನೆ ಕುಶಲಿಗಳು ದೊಡ್ಡ ಉಕ್ಕಿನ ಗೂಟಗಳನ್ನು ರೂಪಿಸಿದರು. ಅವುಗಳ ಮೇಲೆ ತೊಲೆ ಜಾರಾಡುವಂತೆ ಬಿಡುತ್ತಾರೆ. ಆದರೆ ಅವರಿಗೆ ಬೇರೆ ದಾರಿಯಿಲ್ಲ, ಮನೆ ಮರದ ಮೇಲೆಯೇ ಇರಬೇಕು. ನೆಲದಲ್ಲಿ ಕಾಲೂರಿದ ಮಂಟಪಕ್ಕೆ ಆ ಗಾಯದ ಅಗತ್ಯವೇ ಇಲ್ಲ, ಮೇಲಾಗಿ ಅದು ಒಂದು ಕಡೆ ಅಲುಗದ ಕಂಬಕ್ಕೂ ಇನ್ನೊಂದು ಕಡೆ ಅಲುಗುವ ಮರಕ್ಕೂ ಕಟ್ಟುಬಿದ್ದು ನಡುವೆ ಹರಿಯುತ್ತದೆ. ಅಂದಹಾಗೆ ತೆಂಗು, ಅಡಿಕೆಗಳಿಗೆ ಈ ಕ್ಯಾಂಬಿಯಂ ಇಲ್ಲ. ಅವು ಮರಗಳಂತೆ ವರ್ಷವರ್ಷ ದಪ್ಪವಾಗುವುದಿಲ್ಲ. ಕರಾವಳಿಯ ಚಪ್ಪರಗಳಲ್ಲಿ ತೆಂಗಿನ ಮರ ಮಾಡನ್ನು ಸೀಳಿಕೊಂಡು ಹೋಗಿದ್ದರೂ ಏನೂ ಆಗದಿರಲು ಅದೇ ಕಾರಣ. ಆದರೆ ತೆಂಗಿನ ಅಡಿಯಲ್ಲಿ ಕೂರುವ ಮಂಟಪವನ್ನು ಶತ್ರುವಿಗೂ ಕಟ್ಟಿಕೊಡಬಾರದು.

ಕಟ್ಟಡವೇ ಬಗ್ಗಿದ ಎರಡು ಹೆಸರಾಂತ ನಿದರ್ಶನಗಳಿವೆ. 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಲ ಕಾರ್ಬೂಸಿಯೇ ಕಟ್ಟಿದ ಪುಟ್ಟ ಮಂಟಪದ ಜಾಗದಲ್ಲೇ ಒಂದು ಮರವಿತ್ತು. ಆತ ಮಾಡಿನಲ್ಲಿ ದುಂಡನೆಯ ತೂತು ಬಿಟ್ಟು ಅದನ್ನು ಹೊರಗೆ ಕಳಿಸಿದ. ಪ್ರದರ್ಶನ ಮುಗಿದ ಮೇಲೆ ಕಟ್ಟಡ ಹೋಯಿತು, ಆದ್ದರಿಂದ ಆ ತೂತು ಎಷ್ಟು ವರ್ಷಕ್ಕೆ ಸಾಕಾಗುತ್ತಿತ್ತು ಎಂಬ ಪರೀಕ್ಷೆ ನಡೆಯಲೇ ಇಲ್ಲ. ನನಗೆ ಹೆಚ್ಚು ಮೆಚ್ಚಿಗೆಯಾಗುವುದು ವೆನಿಸ್ಸಿನ ಜಾರ್ದಿನಿ ಉದ್ಯಾನದಲ್ಲಿ ನಾರ್ವೆಯ ಸ್ವೆರೆ ಫೆನ್ 1962ರಲ್ಲಿ ಮುಗಿಸಿದ ನಾರ್ಡಿಕ್ ಮಂಟಪ. ಅಲ್ಲಿದ್ದ ಮರಗಳನ್ನು ಉಳಿಸಿಕೊಂಡು, ಆರು ಸೆಂ.ಮೀ. ದಪ್ಪ, ಒಂದು ಮೀಟರ್ ಎತ್ತರದ ಕಾಂಕ್ರೀಟು ಪಟ್ಟಿಗಳನ್ನು ಎರಡು ಪದರದಲ್ಲಿ ಅಡ್ಡಡ್ಡ ಜೋಡಿಸಿದ ಮಾಡು ಅದು. ಮರ ಬಂದ ಕಡೆ ಪಟ್ಟಿಗಳು ನಿಂತು ದಾರಿ ಕೊಡುತ್ತವೆ. ಮೂಲೆಯ ದೊಡ್ಡ ಮರದ ಬಳಿ ಮುಖ್ಯ ತೊಲೆಯೇ ಕವಲೊಡೆದು ಮರದ ಎರಡೂ ಬದಿಗೆ ಸಾಗುತ್ತದೆ. ಭಾರ ಹೊರುವ ಅಂಗವೇ ಮರಕ್ಕಾಗಿ ದಾರಿ ಬದಲಿಸಿದ ಇಂಥ ದಿಟ್ಟತನ ಅಪರೂಪ. ಆದರೂ ಅದು ಕಾಂಕ್ರೀಟು. ಕವಲಿನ ಕೋನ ಅಂದು ಎಷ್ಟೋ ಇಂದೂ ಅಷ್ಟೇ. ಫೆನ್‌ನ ಆ ಯೋಚನೆಯನ್ನು ಮೋಪಿನಲ್ಲಿ, ಬೋಲ್ಟಿನ ಜೋಡಣೆಯಲ್ಲಿ ಮಾಡಿದರೆ ಕವಲನ್ನು ಮುಂದೆ ಅಗಲಿಸಲೂಬಹುದು. ವಾಸ್ತುಶಿಲ್ಪದ ಪುಸ್ತಕಗಳಿಗೆ ಇದು ಅಷ್ಟು ಚೆನ್ನಾಗಿ ಕಾಣದಿದ್ದೀತು, ಹಿತ್ತಿಲಿಗೆ ಸಾಕು.

ತೆರವಿದ್ದ ಮೇಲೆ ಮಳೆ ಸೋರುತ್ತದೆ. ಕಾಂಡದ ಸುತ್ತ ರಬ್ಬರಿನ ಕೊರಳಪಟ್ಟಿ ಬಿಗಿದು ಇದನ್ನು ತಡೆಯುವ ಉಪಾಯ ಮಾರುಕಟ್ಟೆಯಲ್ಲಿದೆ. ಅದು ಒಳಗೆ ತೇವ ಹಿಡಿದಿಟ್ಟು ತೊಗಟೆಯನ್ನು ಕೊಳೆಸುತ್ತದೆ, ಮೇಲೆ ಹೇಳಿದ ಬಿಗಿತದ ತೊಂದರೆ ಬೇರೆ. ಹೇಗಿದ್ದರೂ ಕೊಂಬೆಗಳಿಗೆ ಬಿದ್ದ ಮಳೆಯ ಒಂದಂಶ ಕಾಂಡದುದ್ದಕ್ಕೂ ಹರಿದು ಬುಡ ಸೇರುತ್ತದೆ, ಅದು ಮರದ ಪಾಲು. ಮಂಟಪದ ನಡುಭಾಗ ಹೊರಾಂಗಣವೇ ಎಂದು ಒಪ್ಪಿಕೊಂಡು, ಒಣಗಿರಬೇಕಾದ ಕೂರುವ ಜಾಗವನ್ನು ಹೊರಅಂಚಿಗೆ ಸರಿಸಿದರೆ ಸೋರಿಕೆ ಸಮಸ್ಯೆಯಾಗಿ ಉಳಿಯುವುದಿಲ್ಲ. ನಿಜವಾದ ಪ್ರಶ್ನೆ ಸೋರದ ನೀರಿನದು. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿ.ಮೀ. ಎಲೆಗಳೇ ತಡೆದುಕೊಳ್ಳುವ ಪಾಲನ್ನು ಬದಿಗಿಟ್ಟರೆ, ಹದಿನಾರು ಚದರ ಮೀಟರ್ ಮಾಡು ವರ್ಷಕ್ಕೆ 15,000 ಲೀಟರ್ ನೀರನ್ನು ತನ್ನ ಅಡಿಯ ಮಣ್ಣಿಗೆ ತಲುಪದಂತೆ ಮಾಡುತ್ತದೆ. ಅದನ್ನು ಮರಕ್ಕೆ ಮರಳಿಸಬೇಕು. ಇಲ್ಲಿ ನಮ್ಮ ತೊಟ್ಟಿಮನೆ ಎಲ್ಲರನ್ನೂ ಸೆಳೆಯುತ್ತದೆ: ಮಾಡನ್ನು ಒಳಮುಖವಾಗಿ ಇಳಿಸಿ, ತೊಟ್ಟಿಯ ಜಾಗದಲ್ಲಿ ಮರ ನಿಲ್ಲಿಸಿದರೆ ನೀರೆಲ್ಲ ಬುಡಕ್ಕೇ ಬೀಳುತ್ತದಲ್ಲ! ನೋಡಲು ಸೊಗಸು, ಮರಕ್ಕೆ ಕೆಡುಕು. ನೀರು ಹೀರುವ ಬೇರು ಬುಡದಲ್ಲಿಲ್ಲ, ದೂರದಲ್ಲಿದೆ. ಬುಡದಲ್ಲಿ ನಿಂತ ನೀರು ಕಾಂಡದ ಕೊಳೆರೋಗಕ್ಕೆ ಕರೆ. ಹಾಗಾಗಿ ಇಳಿಜಾರು ಹೊರಕ್ಕಿರಲಿ, ದೋಣಿ ಕಟ್ಟಿ ಚರಂಡಿಗೆ ಬಿಡುವ ಬದಲು ಸೂರಿನಂಚಿನ ಕೆಳಗೆ ಜಲ್ಲಿ ಹರಡಿ ಅಲ್ಲೇ ಇಂಗಲಿ. 7,000 ಮಿ.ಮೀ. ದಾಟುವ ಆಗುಂಬೆಯ ಕಡೆ ಲೆಕ್ಕ ತಿರುಗುತ್ತದೆ. ಅಲ್ಲಿ ನೀರು ಕಡಿಮೆಯಾದೀತೆಂಬ ಚಿಂತೆಯಿಲ್ಲ, ಸೂರಿನ ನೀರು ಮೇಲ್ಮಣ್ಣನ್ನು ಕೊಚ್ಚಿ ಬೇರು ಹೊರಹಾಕದಂತೆ ನೋಡಿಕೊಂಡರೆ ಆಯಿತು.

ಒಂದು ಮರಕ್ಕಾಗಿ ಇನ್ನೊಂದು ಮರ ಕಡಿಯುವುದು ಯಾವ ನ್ಯಾಯ ಎಂಬ ಮಾತಿಗೆ ಉತ್ತರ ಸುಲಭ: ಹಳೆಯ ಮನೆ ಬಿಚ್ಚಿದ ಮೋಪು. ಹೊನ್ನೆ, ಮತ್ತಿ, ಹಲಸು, ತೇಗದ ಹಳೆಯ ತೊಲೆಗಳಲ್ಲಿ ಉಳಿದಿರುವುದು ಚೇಗೇ, ಅದು ಒಣಗಿ ನಿಂತು ದಶಕಗಳಾಗಿವೆ, ಇನ್ನು ಸೊಟ್ಟಗಾಗುವುದಿಲ್ಲ. ಹೊಸದು ಬೇಕಾದರೆ ಕಾಫಿ ತೋಟದ ಸಿಲ್ವರ್ ಓಕ್, ನೆಡುತೋಪಿನ ಅಕೇಶಿಯಾ ಇವೆ. ಸಿಲ್ವರ್ ಓಕ್ ಮಳೆಗೆ ಒಡ್ಡಿದರೆ ಬೇಗ ಲಡ್ಡಾಗುತ್ತದೆ, ಮಾಡಿನ ಒಳಗಿನ ಪಕ್ಕಾಸಿಗೆ ನಡೆದೀತು. ಔಷಧಿಯುಣಿಸಿದ ಮೋಪನ್ನು ನೆಲದಲ್ಲಿ ಹೂಳುವುದು ಬೇಡ. ತಾಮ್ರ, ಆರ್ಸೆನಿಕ್ ಬೆರೆತ ಔಷಧಿ ಬೇರಿನ ನೆರೆಯಲ್ಲಿ ಇರಬೇಕಾದ ವಸ್ತುವಲ್ಲ. ಅಡಿಗಲ್ಲಿನಿಂದ ಕಂಬದ ಪಾದವನ್ನು ಉಕ್ಕಿನ ಪಾದುಕೆಯ ಮೇಲೆ ಎರಡು ಬೆರಳು ಎತ್ತಿ ನಿಲ್ಲಿಸಿದರೆ ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಏರುವುದು ಕಣ್ಣಿಗೆ ಬೀಳುತ್ತದೆ, ಕೈಯಿಂದಲೇ ಒರೆಸಿಹಾಕಬಹುದು.

ಎಲ್ಲ ಮರಗಳೂ ಮಂಟಪಕ್ಕೆ ಯೋಗ್ಯವಲ್ಲ. ಗುಲ್‌ಮೊಹರಿನ ಬೇರು ಮೇಲುಮೇಲೆ, ಕೊಂಬೆ ಪೆಳಸು. ಬೆಂಗಳೂರಿನ ಪ್ರತಿ ಬೇಸಿಗೆಮಳೆಗೂ ಉರುಳುವವರ ಪಟ್ಟಿಯಲ್ಲಿ ಅದಿರುತ್ತದೆ. ಕಾಂಡದಲ್ಲಿ ಪೊಟರೆಯಿದ್ದರೆ, ಬುಡದಲ್ಲಿ ಅಣಬೆ ಎದ್ದಿದ್ದರೆ ಆ ಮರದ ಅಡಿ ಜನ ಕೂರಿಸುವ ಯೋಚನೆ ಕೈಬಿಡಬೇಕು. ಹೊಂಗೆ, ನೇರಳೆ, ಸಂಪಿಗೆ, ಮಾವು ಒಳ್ಳೆಯವು. ಮಾವಿನ ಜೊತೆ ಚಿಗಳಿ ಇರುವೆ, ಅಂಟು, ಹಣ್ಣಿನ ಕಾಲದ ಬಾವಲಿ ಎಲ್ಲವೂ ಬರುತ್ತವೆ ಎಂಬುದನ್ನು ಮೊದಲೇ ತಿಳಿದಿರಬೇಕು. ಮಾಡಿಗೆ ಅಡ್ಡ ಬಂತೆಂದು ದಪ್ಪ ಕೊಂಬೆ ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನೂ ನೆನೆಯುವುದು ಕ್ಷೇಮ, ವೃಕ್ಷಾಧಿಕಾರಿಯನ್ನು ಕೇಳಬೇಕಾಗುವುದು ಬುಡ ಕಡಿಯುವಾಗ ಮಾತ್ರ ಎಂದು ತಿಳಿಯಬಾರದು.

ಕೊನೆಯದಾಗಿ ಉಳಿದ ಆಕ್ಷೇಪವೇ ಎಲ್ಲಕ್ಕಿಂತ ಬಲವಾದದ್ದು. ಮರವೇ ನೆರಳು ಕೊಡುತ್ತಿರುವಾಗ ಮಂಟಪವೇಕೆ, ಒಂದು ಕಲ್ಲುಬೆಂಚು ಹಾಕಿದರೆ ಸಾಲದೇ? ಬಹಳ ಕಡೆ ಸಾಕು ಎಂದೇ ಹೇಳಬೇಕು. ಆದರೆ ಮನೆಮಂದಿಯೆಲ್ಲ ದಿನವೂ ಬಂದು ಕೂರುವ ಮರವಾದರೆ ಅದರ ಬುಡದ ಮಣ್ಣು ಕಾಲ್ತುಳಿತಕ್ಕೇ ಕಲ್ಲಾಗುತ್ತದೆ. ನೆಲದಿಂದ ಒಂದಡಿ ಎತ್ತರದಲ್ಲಿ, ನಾಲ್ಕಾರು ಅಡಿಗಲ್ಲಿನ ಮೇಲೆ, ಸಂದು ಬಿಟ್ಟು ಜೋಡಿಸಿದ ಹಲಗೆಯ ಜಗಲಿ ಆ ಭಾರವನ್ನೆಲ್ಲ ತಾನು ಹೊತ್ತು ಮಣ್ಣನ್ನು ಬಿಡುಗಡೆ ಮಾಡುತ್ತದೆ. ಮಳೆ ಸಂದಿನಿಂದ ಇಳಿಯುತ್ತದೆ, ಉದುರಿದ ಎಲೆ ಅಡಿಯಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಅಂದರೆ ಮಂಟಪದಲ್ಲಿ ಮರಕ್ಕೆ ಉಪಕಾರಿಯಾದ ಅಂಗ ಜಗಲಿ, ಮಾಡು ನಮ್ಮ ಅನುಕೂಲಕ್ಕೆ. ಎರಡನ್ನೂ ಒಟ್ಟಿಗೆ ಕಟ್ಟಲೇಬೇಕೆಂಬ ನಿಯಮವಿಲ್ಲ. ಮೊದಲು ಜಗಲಿ ಹಾಕಿ, ಕಂಬ ನಿಲ್ಲಬಹುದಾದ ಅಡಿಗಲ್ಲುಗಳಿಗೆ ಬೋಲ್ಟಿನ ತೂತು ಬಿಟ್ಟಿರಬಹುದು. ಒಂದು ಮಳೆಗಾಲ ಕಳೆದರೆ ಗಾಳಿ ಯಾವ ಕಡೆಯಿಂದ ನುಗ್ಗುತ್ತದೆ, ಕಾಂಡ ಎಷ್ಟು ಓಲಾಡುತ್ತದೆ, ಎರಚಲು ಎಲ್ಲಿಯವರೆಗೆ ಬರುತ್ತದೆ ಎಂಬುದೆಲ್ಲ ತಿಳಿಯುತ್ತದೆ. ಆಮೇಲೆ ಬಡಗಿಯನ್ನು ಕರೆಸಿ ಮಾಡಿನ ಮಾತಾಡಬಹುದು. ಆಗಲೂ ಮರವನ್ನು ಸುತ್ತುವರಿಯದೆ ಒಂದೇ ಬದಿಗೆ ಇಳಿಜಾರು ಬಿಟ್ಟ ಅರ್ಧ ಮಾಡು ಸಾಕಾದೀತು. ಅದಕ್ಕೆ ಮೇಲಿನ ಚೌಕವೂ ಬೇಡ, ತೆರವೂ ಬೇಡ. ಮೋಪು ಅರ್ಧ, ಕೂಲಿ ಅರ್ಧಕ್ಕೂ ಕಡಿಮೆ.